ಖಾಲಿ ಜಾಗವಿಲ್ಲದ ಪತ್ರಗಳು

ಯುಗಾದಿಯ ಮಾರನೇ ದಿನ ಬೆಳಿಗ್ಗೆ ಫೋನಿಗೆ ಒಂದು ಫೋಟೊ ಬಂತು. ಗೆರೆ ಹಾಕಿದ ನೋಟ್‌ಬುಕ್ಕಿನ ಒಂದು ಪುಟ, ನೀಲಿ ಶಾಯಿ, ಸ್ವಲ್ಪ ಬಲಕ್ಕೆ ವಾಲಿದ ದುಂಡನೆಯ ಅಕ್ಷರ. ಎಡಗಡೆ ಕನ್ನಡ ವರ್ಣಮಾಲೆ ಮೇಲಿನಿಂದ ಕೆಳಕ್ಕೆ ಇಳಿದಿದೆ. ಪ್ರತಿ ಅಕ್ಷರದ ಎದುರಿಗೂ ಇಂಗ್ಲಿಷಿನ ನಾಲ್ಕು ನಾಲ್ಕು ಗುರುತುಗಳು. ಜೊತೆಗೆ ಒಂದು ಪ್ರಶ್ನೆ: ‘ಆಂಟಿ, ತಾತನ ಬೀರು ಖಾಲಿ ಮಾಡುವಾಗ ಸಿಕ್ಕಿತು. ಇದೇನು ಅಂದರೆ ನಿಮ್ಮನ್ನೇ ಕೇಳು ಅಂತಾರೆ.’

ಕೇಳಿದವಳು ಇಂಜಿನಿಯರಿಂಗ್ ಓದುವ ಹುಡುಗಿ. ಅವಳ ತಾತ ನನಗೆ ಗೊತ್ತಿದ್ದಾಗ ಅವಳು ಹುಟ್ಟಿರಲಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿದೆ. ಮೊದಲ ಸಾಲಿನಲ್ಲಿ ‘ಅ’, ಅದರೆದುರು ನಾಲ್ಕು, ಎಲ್, ಕೆ, ಎಫ್. ಆ ಕ್ಷಣಕ್ಕೆ ಮೈಸೂರಿನ ಆ ಕಾಲೇಜಿನ ಲ್ಯಾಬು, ಅಲ್ಲಿನ ಸೀಲಿಂಗ್ ಫ್ಯಾನಿನ ಕಿರಕಿರ, ಮೋಡೆಮ್ ಫೋನ್ ಲೈನಿಗೆ ತಗುಲಿಕೊಳ್ಳುವಾಗ ಕಿರುಚುತ್ತಿದ್ದ ಸದ್ದು ಎಲ್ಲವೂ ಒಟ್ಟಿಗೆ ಬಂದು ನಿಂತವು.

ಅದು 2003. ನನಗೆ ಇಪ್ಪತ್ಮೂರು. ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿ ಅಂತ ಕೆಲಸ. ಕೇಬಲ್ ಎಳೆಯುವುದು, ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು, ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದ ಬಿಡಿಸುವುದು, ಎಲ್ಲ ನಂದೇ. ಕಾಲೇಜಿಗೆಲ್ಲ ಸೇರಿ ಒಂದು ಡಯಲ್-ಅಪ್ ಸಂಪರ್ಕ. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಸರ್ವರ್ ಹೊರಗಿನ ಪತ್ರಗಳನ್ನು ಎಳೆದುಕೊಳ್ಳುತ್ತಿತ್ತು. ಅಧ್ಯಾಪಕರು ಬಂದು ಕಪ್ಪು ಪರದೆಯ ಟರ್ಮಿನಲ್ ಮುಂದೆ ಕೂತು ತಮ್ಮ ತಮ್ಮ ಪತ್ರ ನೋಡಿಕೊಳ್ಳುತ್ತಿದ್ದರು. ಚಿತ್ರ ತೋರಿಸುವ ಒಳ್ಳೆಯ ಯಂತ್ರಗಳು ವಿದ್ಯಾರ್ಥಿಗಳ ಪ್ರಾಕ್ಟಿಕಲ್ಸ್‌ಗೆ ಮೀಸಲು.

ಅಧ್ಯಾಪಕರು ಬಳಸುತ್ತಿದ್ದ ಪ್ರೋಗ್ರಾಮಿನ ಹೆಸರು ಬರೀ ‘ಮೇಲ್’. ಬರ್ಕ್ಲಿಯಲ್ಲಿ 1978ರಲ್ಲಿ ಕರ್ಟ್ ಶೋನ್ಸ್ ಬರೆದದ್ದು. ಅದರಲ್ಲಿ ಗುಂಡಿಯಿಲ್ಲ, ಮೆನು ಇಲ್ಲ. ‘ಎಚ್’ ಒತ್ತಿದರೆ ಪತ್ರಗಳ ಪಟ್ಟಿ, ಸಂಖ್ಯೆ ಒತ್ತಿದರೆ ಆ ಪತ್ರ, ‘ಡಿ’ ಅಂದರೆ ಅಳಿಸು, ‘ಕ್ಯೂ’ ಅಂದರೆ ಹೊರಗೆ ಬಾ. ಬರೆದು ಮುಗಿದ ಮೇಲೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕೆ ಇಟ್ಟರೆ ಪತ್ರ ಹೊರಟುಹೋಗುತ್ತದೆ. ಐವತ್ತು ದಾಟಿದ ಅಧ್ಯಾಪಕರೂ ಅದನ್ನು ಎರಡು ದಿನದಲ್ಲಿ ಕಲಿತಿದ್ದರು. ಈಗಲೂ ಅಷ್ಟು ಶುದ್ಧವಾದ ಪ್ರೋಗ್ರಾಮುಗಳು ಕಡಿಮೆ ಅಂತಲೇ ನನ್ನ ಅಭಿಪ್ರಾಯ.

ಆ ಹುಡುಗಿಯ ತಾತ, ನಮ್ಮ ಮೇಷ್ಟ್ರು, ಕನ್ನಡ ವಿಭಾಗದವರು. ಹಳಗನ್ನಡ ಪಾಠ ಮಾಡುತ್ತಿದ್ದರು, ಅವರ ನಿಜವಾದ ಪ್ರೀತಿ ಶಾಸನಗಳ ಮೇಲೆ. ಬಿ.ಎಲ್. ರೈಸ್ 1886ರಲ್ಲಿ ಹೊರತರಲು ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಅವರ ಮೇಜಿನ ಮೇಲೆ ಯಾವಾಗಲೂ ಒಂದೆರಡು ಬಿಚ್ಚಿಕೊಂಡಿರುತ್ತಿದ್ದವು. ಮಗಳು ಸಂಶೋಧನೆಗೆಂದು ಜರ್ಮನಿಗೆ ಹೋದ ಮೇಲೆ ದಿನಾ ಸಂಜೆ ಆರಕ್ಕೆ ಲ್ಯಾಬಿಗೆ ಬರಲು ಶುರುಮಾಡಿದರು. ಚಪ್ಪಲಿ ಹೊರಗೆ ಬಿಟ್ಟು, ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡು, ಮೂಲೆಯ ಟರ್ಮಿನಲ್ ಮುಂದೆ ಕೂರುತ್ತಿದ್ದರು.

ಮೊದಲ ಕೆಲವು ತಿಂಗಳು ಮಗಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದಳು. ಒಂದು ದಿನ ಅವಳ ಕಂಪ್ಯೂಟರಿನಲ್ಲಿ ಕನ್ನಡವೇ ಮೂಡಿತು. ಆ ಹೊತ್ತಿಗೆ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಅಕ್ಷರಶೈಲಿಯನ್ನೂ ಯುನಿಕೋಡ್ ಕನ್ನಡವನ್ನೂ ತಂದಿತ್ತು. ಅವಳು ಸಂಭ್ರಮದಿಂದ ಕನ್ನಡದಲ್ಲೇ ಬರೆದು ಕಳಿಸಿದಳು. ಇಲ್ಲಿ ಮೇಷ್ಟ್ರ ಪರದೆಯ ಮೇಲೆ ಬಂದದ್ದು ಒಂದು ಸಮ ಚಿಹ್ನೆ, ಒಂದು ಪ್ರಶ್ನಾರ್ಥಕ ಚಿಹ್ನೆ, ಯುಟಿಎಫ್-8, ಮತ್ತೊಂದು ಪ್ರಶ್ನಾರ್ಥಕ, ‘ಬಿ’, ಆಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಅಂಕಿಗಳ ಮಾಲೆ. ಪತ್ರ ತೆರೆದರೆ ಒಳಗೂ ಅದೇ, ಪುಟಗಟ್ಟಲೆ.

‘ಇದೇನಮ್ಮಾ?’ ಅಂತ ಕರೆದರು.

ನಾನು ನೋಡಿ, ‘ನಿಮ್ಮ ಮಗಳಿಗೆ ಇಂಗ್ಲಿಷಲ್ಲೇ ಬರಿಯೋಕೆ ಹೇಳಿ ಸಾರ್, ಈ ಪ್ರೋಗ್ರಾಮಿಗೆ ಕನ್ನಡ ಬರಲ್ಲ’ ಅಂದೆ. ಅವತ್ತು ನನಗೆ ಬೇಗ ಬಸ್ಸು ಹಿಡಿಯಬೇಕಿತ್ತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೇಳಬಹುದು. ಆದರೆ ಅವಳು ನನ್ನ ಹತ್ತಿರ ಇಂಗ್ಲಿಷಿನಲ್ಲಿ ಯಾವತ್ತೂ ಮಾತಾಡಿಲ್ಲ’ ಅಂದರು. ಜೇಬಿನಿಂದ ಪೆನ್ನು ತೆಗೆದು, ಪರದೆಯ ಮೇಲಿದ್ದ ಆ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳತೊಡಗಿದರು. ದೊಡ್ಡ ಅಕ್ಷರ ದೊಡ್ಡದಾಗಿ, ಚಿಕ್ಕದು ಚಿಕ್ಕದಾಗಿ, ಕಲ್ಲಿನ ಮೇಲಿನ ಬರಹವನ್ನು ಪಡಿಮೂಡಿಸುವಷ್ಟು ನಿಧಾನವಾಗಿ. ನಾನು ಬಸ್ಸಿಗೆ ಹೋದೆ.

ಆ ದೃಶ್ಯ ಕಾಡಿತು. ಒಂದು ವಾರದಲ್ಲಿ ನಾನು ಆ ಪ್ರೋಗ್ರಾಮಿನ ಮೂಲ ಕೋಡ್ ಇಳಿಸಿಕೊಂಡು ಕೂತಿದ್ದೆ.

ಅದಕ್ಕೆ ಕನ್ನಡ ಯಾಕೆ ಬರುತ್ತಿರಲಿಲ್ಲ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ಮಿಂಚಂಚೆಯ ನಿಯಮಗಳನ್ನು 1982ರಲ್ಲಿ ಬರೆದಾಗ ಆಸ್ಕಿ ಎಂಬ ಪಟ್ಟಿಯ 128 ಸಂಕೇತಗಳಷ್ಟೇ ಪತ್ರದಲ್ಲಿ ಇರಬಹುದು ಅಂತ ಗೊತ್ತುಮಾಡಿದ್ದರು. ಅದರಲ್ಲಿ ಇಂಗ್ಲಿಷಿಗೆ ಜಾಗ ಇತ್ತು, ಜರ್ಮನ್ನಿನ ಎರಡು ಚುಕ್ಕೆಯ ಸ್ವರಕ್ಕೂ ಇರಲಿಲ್ಲ, ಇನ್ನು ಕನ್ನಡದ ಮಾತೇನು. ಹತ್ತು ವರ್ಷದ ನಂತರ, 1992ರಲ್ಲಿ, ನೇಥನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ‘ಮೈಮ್’ ಎಂಬ ಏರ್ಪಾಟು ತಂದರು. ಅಂಚೆಯ ದಾರಿ ಹಳೆಯದೇ ಇರಲಿ, ಅದರಲ್ಲಿ ಹೋಗುವ ಬೇರೆ ಭಾಷೆ, ಚಿತ್ರ, ಧ್ವನಿ ಎಲ್ಲ ಆಸ್ಕಿಯ ವೇಷ ಹಾಕಿಕೊಂಡು ಹೋಗಲಿ, ಆ ಕಡೆ ವೇಷ ಕಳಚಲಿ ಅನ್ನುವುದು ಅದರ ತಿರುಳು. ಸಬ್ಜೆಕ್ಟ್ ಸಾಲಿಗೆ ಬೇರೆಯೇ ಕಟ್ಟಳೆ, ಕೀತ್ ಮೂರ್ ಬರೆದದ್ದು. ಅದರ 1996ರ ಆವೃತ್ತಿಗೆ ಆರ್‌ಎಫ್‌ಸಿ 2047 ಎಂದು ಹೆಸರು. ನಮ್ಮ ಲ್ಯಾಬಿನ ‘ಮೇಲ್’ ಇದೆಲ್ಲಕ್ಕಿಂತ ಹಳೆಯದು. ಅದಕ್ಕೆ ವೇಷ ಕಳಚುವುದು ಗೊತ್ತಿರಲಿಲ್ಲ.

ನಾನು ಸೇರಿಸಬೇಕಿದ್ದದ್ದು ಅದೇ. ಲೆಕ್ಕ ಕಷ್ಟದ್ದಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಗುಣಿತದ ಚಿಹ್ನೆಗೆ ಮೂರು ಬೈಟ್. ಮೂರು ಬೈಟ್ ಅಂದರೆ 24 ಬಿಟ್. ಅದನ್ನು ಆರಾರು ಬಿಟ್ಟಿನ ನಾಲ್ಕು ತುಂಡು ಮಾಡಿ, ಒಂದೊಂದು ತುಂಡಿಗೂ ಆಸ್ಕಿಯ ಒಂದೊಂದು ಗುರುತು ಕೊಟ್ಟರೆ ಬೇಸ್64. ಮೊದಲು ದೊಡ್ಡ ಅಕ್ಷರ 26, ಆಮೇಲೆ ಚಿಕ್ಕ ಅಕ್ಷರ 26, ಅಂಕಿ 10, ಕೂಡುವ ಚಿಹ್ನೆ, ಓರೆಗೆರೆ, ಒಟ್ಟು 64. ಹದಿನೈದು ರಾತ್ರಿಗಳಲ್ಲಿ ಸಿ ಭಾಷೆಯಲ್ಲಿ ಬರೆದೆ. ಕನ್ನಡ ತೋರಿಸುವ ಫಾಂಟ್ ಹಾಕಿದ ಒಂದೇ ಒಂದು ಲಿನಕ್ಸ್ ಯಂತ್ರವನ್ನು ಮೇಷ್ಟ್ರ ಹೊತ್ತಿಗೆ ಬಿಡಿಸಿಟ್ಟೆ. ಒತ್ತಕ್ಷರ ಕೂಡಿಸಿ ತೋರಿಸುವುದು ಆ ಟರ್ಮಿನಲ್ಲಿಗೆ ಬರುತ್ತಿರಲಿಲ್ಲ. ‘ಅಮ್ಮ’ ಎನ್ನುವುದು ಅ, ಮ, ಒಂದು ಹಲಂತ ಚಿಹ್ನೆ, ಮತ್ತೆ ಮ ಅಂತ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಮೇಷ್ಟ್ರಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಮೊದಲ ಪತ್ರವನ್ನು ಗಟ್ಟಿಯಾಗಿ ಓದಿದರು. ಲ್ಯಾಬಿನಲ್ಲಿ ಇನ್ನೂ ಮೂವರಿದ್ದರು, ಎಲ್ಲರೂ ಕೇಳಿಸಿಕೊಂಡೆವು. ಮಗಳು ಅಲ್ಲಿನ ಚಳಿಯ ಬಗ್ಗೆ, ಒಗ್ಗರಣೆಗೆ ಸಾಸಿವೆ ಸಿಕ್ಕ ಅಂಗಡಿಯ ಬಗ್ಗೆ ಬರೆದಿದ್ದಳು.

ಕೆಲವು ದಿನ ಬಿಟ್ಟು ಅವರು ಮತ್ತೆ ಕರೆದರು. ‘ನೋಡಮ್ಮ, ಇಲ್ಲಿ ಕಲ್ಲು ಸೀಳಿದೆ.’

ಸಬ್ಜೆಕ್ಟ್ ಹೀಗಿತ್ತು: ಅಮ್ಮನಿಗೆ ಹೇಳು ಹಬ್ಬಕ್ಕೆ ಬರುತ್ತೇನೆ. ಪರದೆಯ ಮೇಲೆ ಮಾತ್ರ ‘ಹಬ’ ಅಂತ ನಿಂತು, ಒಂದು ಖಾಲಿ ಜಾಗ ಬಿಟ್ಟು, ಒಂಟಿ ಹಲಂತ ಚಿಹ್ನೆಯಿಂದ ಮುಂದುವರಿದಿತ್ತು. ಫಾಂಟಿನ ತೊಂದರೆ ಅಂತ ನಾನು ಹೇಳಿದೆ. ಅವರು ಒಪ್ಪಲಿಲ್ಲ. ನೋಟ್‌ಬುಕ್ ತೆಗೆದು ತೋರಿಸಿದರು. ಉದ್ದನೆಯ ಸಬ್ಜೆಕ್ಟ್ ಇದ್ದ ನಾಲ್ಕೂ ಪತ್ರಗಳಲ್ಲಿ ಬಿರುಕು ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬಿದ್ದಿತ್ತು, ಹದಿನೈದು ಅಕ್ಷರದ ಆಸುಪಾಸಿನಲ್ಲಿ. ‘ಫಾಂಟ್ ಆದರೆ ಎಲ್ಲಿ ಬೇಕಾದರೂ ಒಡೀಬೇಕಿತ್ತಲ್ಲ. ಇದು ಯಾರೋ ಅಳೆದು ಕತ್ತರಿಸಿದ ಹಾಗಿದೆ.’

ಅಳೆದೇ ಕತ್ತರಿಸಿದ್ದರು. ಆರ್‌ಎಫ್‌ಸಿ 2047ರ ಪ್ರಕಾರ ವೇಷ ಹಾಕಿದ ಒಂದು ತುಂಡು 75 ಗುರುತು ಮೀರಬಾರದು. ಹಿಂದುಮುಂದಿನ ಚಿಹ್ನೆಗಳಿಗೆ 12 ಹೋದರೆ 63 ಉಳಿಯುತ್ತದೆ, ನಾಲ್ಕರ ಗುಂಪಿನಲ್ಲಿ ಅದಕ್ಕೆ ಹದಿನೈದು ಹಿಡಿಸುತ್ತದೆ. ಅಂದರೆ ಗರಿಷ್ಠ ಹದಿನೈದು ಕನ್ನಡ ಅಕ್ಷರ, ಚಿಹ್ನೆಗಳಾದ ಮೇಲೆ ಹೊಸ ತುಂಡು ಶುರುವಾಗಲೇಬೇಕು. ಇಂಗ್ಲಿಷಿನವರಿಗೆ ಇದು ಎದುರಾಗುವುದೇ ಇಲ್ಲ. ತುಂಡುಗಳ ನಡುವಿನ ಖಾಲಿ ಜಾಗ ಲೆಕ್ಕಕ್ಕಿಲ್ಲ, ಅದನ್ನು ಬಿಟ್ಟು ಕೂಡಿಸಬೇಕು ಅಂತ ಅದೇ ಕಟ್ಟಳೆ ಸ್ಪಷ್ಟವಾಗಿ ಹೇಳುತ್ತದೆ. ನಾನು ಆ ಸಾಲನ್ನು ಓದದೇ ದಾಟಿದ್ದೆ. ಮೇಷ್ಟ್ರು ಕಟ್ಟಳೆಯನ್ನು ನೋಡದೆ, ಒಡೆದ ಪಾಠ ನೋಡಿಯೇ ಕಾರಣ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದರು. ಆಮೇಲೆ ನಾನು ಎಷ್ಟೋ ದೊಡ್ಡ ಕಂಪನಿಗಳಲ್ಲಿ ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರ ಜೊತೆ ಕೆಲಸ ಮಾಡಿದೆ. ಮೇಷ್ಟ್ರಷ್ಟು ಶಿಸ್ತಿನಿಂದ ಸಾಕ್ಷ್ಯ ಕೂಡಿಟ್ಟವರು ಇಬ್ಬರೋ ಮೂವರೋ.

ಅದು ಸರಿಹೋದ ಮೇಲೆ ಮೇಷ್ಟ್ರು ಕೇಳಿದರು: ‘ಓದೋದು ಆಯಿತು. ನಾನು ಕನ್ನಡದಲ್ಲಿ ಬರೀಬಹುದಾ?’

ಅವರು ಅಷ್ಟೂ ದಿನ ಇಂಗ್ಲಿಷ್ ಅಕ್ಷರದಲ್ಲೇ ಉತ್ತರ ಬರೆಯುತ್ತಿದ್ದರು. ವ್ಯಾಕರಣದ ಮೇಷ್ಟ್ರಿಗೆ ಅದು ಸಂಕಟ. ಹಳ್ಳಿಗೂ ಹಲ್ಲಿಗೂ ವ್ಯತ್ಯಾಸ ಉಳಿಯುವುದಿಲ್ಲ ಅಂತ ‘ಳ’ಕ್ಕೆ ದೊಡ್ಡ ಎಲ್, ‘ಣ’ಕ್ಕೆ ದೊಡ್ಡ ಎನ್ ಹಾಕುತ್ತಿದ್ದರು. ‘ಮುಂದಿನ ವಾರ ಮಾಡ್ತೀನಿ ಸಾರ್’ ಅಂದೆ. ಕೀಲಿಮಣೆಯಲ್ಲಿ ಕನ್ನಡ ಮೂಡಿಸಬೇಕು, ಅದಕ್ಕೆ ವೇಷ ಹಾಕಬೇಕು, ತುಂಡು ಮಾಡಬೇಕು, ಪತ್ರದ ತಲೆಯಲ್ಲಿ ಅದನ್ನು ನಮೂದಿಸಬೇಕು. ಓದಿಸುವುದರ ಎರಡರಷ್ಟು ಕೆಲಸ. ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಿದರು. ಆಗಲೂ ‘ಮುಂದಿನ ವಾರ’ ಅಂದೆ. ಆಮೇಲೆ ಅವರು ಕೇಳಲಿಲ್ಲ, ನಾನು ನೆನಪು ಮಾಡಿಕೊಳ್ಳಲಿಲ್ಲ. 2005ರಲ್ಲಿ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟೆ. ಅರ್ಜಿಯಲ್ಲಿ ‘ಅಂಚೆ ಪ್ರೋಗ್ರಾಮಿಗೆ ಸಂಪೂರ್ಣ ಕನ್ನಡ ಬೆಂಬಲ ಅಳವಡಿಸಿದ್ದೇನೆ’ ಅಂತ ಬರೆದುಕೊಂಡಿದ್ದೆ. ‘ಸಂಪೂರ್ಣ’ ಎಂಬ ಪದ ಅಲ್ಲಿ ಸುಳ್ಳು.

ಈಗ ಆ ಫೋಟೊ. ಹುಡುಗಿಗೆ ಹೇಳಿ ನೋಟ್‌ಬುಕ್ಕಿನ ಎಲ್ಲ ಪುಟಗಳನ್ನೂ ತರಿಸಿಕೊಂಡೆ. ಒಂದು ಭಾನುವಾರ ಪೂರ್ತಿ ಅದರ ಮುಂದೆ ಕೂತೆ.

ತಾವು ಮೊದಲೇ ಇಳಿಸಿಕೊಂಡಿದ್ದ ವೇಷದ ಸಾಲುಗಳನ್ನೂ, ನನ್ನ ಪ್ರೋಗ್ರಾಮು ಓದಿಕೊಟ್ಟ ಕನ್ನಡವನ್ನೂ ಮೇಷ್ಟ್ರು ಎದುರುಬದುರು ಇಟ್ಟಿದ್ದರು. ಕನ್ನಡದ ಪ್ರತಿ ಅಕ್ಷರ ಸರಿಯಾಗಿ ನಾಲ್ಕು ಗುರುತಾಗುತ್ತದೆ, ಮೊದಲ ಮೂರು ಯಾವಾಗಲೂ ‘ನಾಲ್ಕು ಎಲ್ ಕೆ’ ಇಲ್ಲವೇ ‘ನಾಲ್ಕು ಎಲ್ ಓ’, ಬದಲಾಗುವುದು ಕೊನೆಯದೊಂದೇ ಎಂದು ಕಂಡುಕೊಂಡಿದ್ದರು. ‘ಕ ಖ ಗ ಘ ಙ’ ಅನ್ನುವುದು ವಿ, ಡಬ್ಲ್ಯೂ, ಎಕ್ಸ್, ವೈ, ಝಡ್. ಅಲ್ಲಿಗೆ ದೊಡ್ಡಕ್ಷರ ಮುಗಿದು ‘ಚ’ದಿಂದ ಚಿಕ್ಕ ಎ, ಬಿ, ಸಿ. ಇಂಗ್ಲಿಷ್ ಅಕ್ಷರಮಾಲೆಯ ಬೆನ್ನ ಮೇಲೆ ನಮ್ಮ ವರ್ಗಾಕ್ಷರಗಳು ಸಾಲುತಪ್ಪದೆ ಸಾಗಿವೆ. ವರ್ಷಗಟ್ಟಲೆ ಬೇಸ್64 ಜೊತೆ ಕೆಲಸ ಮಾಡಿದ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ.

‘ನ’ ಚಿಕ್ಕ ಓ, ‘ಪ’ ಚಿಕ್ಕ ಕ್ಯೂ. ನಡುವಿನ ಪಿ ಎದುರಿಗೆ ‘ಇಲ್ಲಿ ಒಂದು ಮನೆ ಖಾಲಿ’ ಎಂದು ಬರೆದಿದ್ದರು. ಅವರ ಊಹೆ ಸರಿ. ಭಾರತದ ಲಿಪಿಗಳನ್ನು ಯುನಿಕೋಡಿನಲ್ಲಿ ಒಂದೇ ಅಚ್ಚಿನಲ್ಲಿ ಕೂರಿಸಿದಾಗ ತಮಿಳಿನ ಇನ್ನೊಂದು ‘ನ’ಕಾರಕ್ಕೆ ಸಿಕ್ಕ ಮನೆ ಅದು, ಕನ್ನಡದಲ್ಲಿ ಖಾಲಿ ಉಳಿದಿದೆ. ‘ರ’ ಮತ್ತು ‘ಲ’ದ ನಡುವಿನ ಮನೆಗೆ ಅವರು ‘ಱ’ ಬರೆದಿದ್ದರು, ಯಾವ ಪತ್ರದಲ್ಲೂ ಬಂದಿರದ ಅಕ್ಷರ ಅದು. ಹಳಗನ್ನಡ ಬಲ್ಲವರಿಗೆ ಅಲ್ಲಿ ಏನಿರಬೇಕೆಂದು ಗೊತ್ತಿತ್ತು, ಅಲ್ಲಿ ಅದೇ ಇದೆ. ‘ಳ’ದ ಮುಂದಿನ ಖಾಲಿ ಮನೆಗೆ ‘ೞ’ ಬರೆದು ಪ್ರಶ್ನೆ ಹಾಕಿದ್ದರು. ಅದೊಂದು ತಪ್ಪಿದೆ, ತಪ್ಪು ಅವರದಲ್ಲ. ೞಕಾರವನ್ನು ಯುನಿಕೋಡಿನವರು ಬೇರೆಲ್ಲೋ ಕೂರಿಸಿ, ಅದಕ್ಕೆ ‘ಫ’ ಎಂಬರ್ಥದ ತಪ್ಪು ಹೆಸರನ್ನೂ ಕೊಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲವೆಂಬುದು ಅವರ ನಿಯಮ. ಇವತ್ತಿಗೂ ಅದು ಹಾಗೇ ಇದೆ.

ಇನ್ನೊಂದು ಕಡೆ ಟಿಪ್ಪಣಿ: ‘ಪದ ಮುಗಿದು ಖಾಲಿ ಜಾಗ ಬಂದ ಮೇಲೆ ಕೋಷ್ಟಕ ಕೂಡುವುದಿಲ್ಲ. ನಾಲ್ಕನೆಯ ಪದ ಮತ್ತೆ ಕೂಡುತ್ತದೆ.’ ಖಾಲಿ ಜಾಗಕ್ಕೆ ಒಂದೇ ಬೈಟ್, ಆದ್ದರಿಂದ ಮೂರರ ಲೆಕ್ಕ ತಪ್ಪುತ್ತದೆ. ಮೂರು ಖಾಲಿ ಜಾಗ ಕಳೆದರೆ ಮತ್ತೆ ಸರಿಹೋಗುತ್ತದೆ. ಬೈಟ್ ಎಂಬ ಪದವನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಕೊನೆಯ ಆರು ಪುಟ ಬೇರೆ ಥರ. ದಿನಾಂಕ, ಮುಂದೆ ಒಂದು ವೇಷದ ಸಾಲು. ಮಗಳ ಪತ್ರಗಳನ್ನು ಇಳಿಸಿಕೊಂಡಿದ್ದಾರೆ ಅಂದುಕೊಂಡೆ. ಕಂಪ್ಯೂಟರಿಗೆ ಕೊಟ್ಟು ಬಿಡಿಸಿದೆ. ಮೊದಲನೆಯದು ‘ಮಗಳೇ’. ಎರಡನೆಯದು ‘ಮಳೆಬಂತು’. ಆಮೇಲೆ ‘ಅಮ್ಮಹುಷಾರು’. ಆಮೇಲೆ ‘ಜ್ವರಬಿಟ್ಟಿತು’.

ಅವು ಬಂದ ಪತ್ರಗಳಲ್ಲ, ಅವರು ಕಳಿಸಿದವು.

ನನ್ನ ‘ಮುಂದಿನ ವಾರ’ ಬಾರದೇ ಹೋದಾಗ ಮೇಷ್ಟ್ರು ತಮ್ಮ ಕೋಷ್ಟಕ ಹಿಡಿದು, ಕೈಯಿಂದಲೇ ಕನ್ನಡಕ್ಕೆ ವೇಷ ಹಾಕಿ, ಸಬ್ಜೆಕ್ಟ್ ಕೇಳುವ ಜಾಗದಲ್ಲಿ ಒಂದೊಂದೇ ಗುರುತು ಒತ್ತಿ ಕಳಿಸುತ್ತಿದ್ದರು. ನಮ್ಮ ಪ್ರೋಗ್ರಾಮಿಗೆ ಅದು ಬರೀ ಆಸ್ಕಿ, ಇದ್ದಂತೆಯೇ ದಾಟಿಸುತ್ತಿತ್ತು. ಜರ್ಮನಿಯಲ್ಲಿ ಮಗಳ ಯಂತ್ರ ಅದನ್ನು ಬಿಡಿಸಿ ಕನ್ನಡ ತೋರಿಸುತ್ತಿತ್ತು. ‘ಜ್ವರಬಿಟ್ಟಿತು’ ಅನ್ನಲು ಹನ್ನೆರಡು ಅಕ್ಷರ, ಚಿಹ್ನೆ, 48 ಗುರುತು, ಹಿಂದುಮುಂದಿನ 12 ಸೇರಿ 60. ಒಂದು ತಪ್ಪಿದರೂ ಪದ ಕೆಡುತ್ತದೆ. ಖಾಲಿ ಜಾಗ ಹಾಕಿದರೆ ಕೋಷ್ಟಕ ಕೈಕೊಡುತ್ತದೆ, ಆದ್ದರಿಂದ ಪದಗಳನ್ನು ಕೂಡಿಸಿ ಬರೆದರು. ಮಗಳನ್ನು ಕೇಳಿದೆ. ‘ಅಪ್ಪ ಶಾಸನದ ಹಾಗೆ ಪದ ಬಿಡಿಸದೆ ಬರೀತಾರೆ, ಅವರಿಗೆ ಅದೇ ಇಷ್ಟ ಅಂದುಕೊಂಡಿದ್ದೆ’ ಅಂದಳು. ಅವಳಿಗೂ ಅವರು ಹೇಳಿರಲಿಲ್ಲ.

ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದೆ, ಕಿವಿ ಮಂದ, ದನಿ ಹಾಗೇ ಇದೆ. ‘ಯಾಕೆ ಸಾರ್ ನನಗೆ ಹೇಳಲಿಲ್ಲ?’ ಅಂದೆ.

‘ಎರಡು ಸಲ ಕೇಳಿದ್ದೆನಲ್ಲಮ್ಮ. ಮೂರನೇ ಸಲ ಕೇಳೋದು ಚೆನ್ನಾಗಿರಲ್ಲ ಅನ್ನಿಸ್ತು.’

ಅದರಲ್ಲಿ ಕೋಪವಿರಲಿಲ್ಲ. ಮಾತು ಬದಲಿಸಿ ನನ್ನ ಅಮ್ಮನ ಮಂಡಿನೋವಿನ ಬಗ್ಗೆ ವಿಚಾರಿಸಿದರು.

ಒಂದು ಮಾತು ಹೇಳದೇ ಹೋದರೆ ಈ ಬರಹ ಪ್ರಾಮಾಣಿಕವಾಗದು. ಮಟ್ ಎಂಬ ಇನ್ನೊಂದು ಟರ್ಮಿನಲ್ ಪ್ರೋಗ್ರಾಮು ಆಗಲೇ ಇತ್ತು, 1995ರಿಂದ. ಮೈಕಲ್ ಎಲ್ಕಿನ್ಸ್ ಶುರುಮಾಡಿದ್ದು. ವೇಷ ಹಾಕುವುದೂ ಕಳಚುವುದೂ ಅದಕ್ಕೆ 2003ಕ್ಕೆ ಮೊದಲೇ ಬರುತ್ತಿತ್ತು. ಅದು ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನದಲ್ಲಿ ಅದನ್ನು ಹಾಕಿಕೊಟ್ಟಿದ್ದರೆ ಕನ್ನಡ ಮೂಡಿಸುವ ಕೀಲಿಮಣೆಯ ಕೆಲಸವೊಂದೇ ಉಳಿಯುತ್ತಿತ್ತು. ಅಧ್ಯಾಪಕರಿಗೆ ಹಳೆಯ ಕಮಾಂಡುಗಳೇ ಅಭ್ಯಾಸವಾಗಿವೆ ಅಂತ ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವಿತ್ತು. ಬಹುಪಾಲು ನಿಜ ಬೇರೆ: ನಾನು ಬರೆದ ಕೋಡಿನಿಂದ ಆ ಪರದೆಯ ಮೇಲೆ ಕನ್ನಡ ಮೂಡಬೇಕು ಅನ್ನುವ ಆಸೆ. ಮೂಡಿತು. ಆಸೆ ತೀರಿದ ಮೇಲೆ ಉಳಿದರ್ಧ ಕೆಲಸ ನನ್ನ ಮನಸ್ಸಿನಿಂದ ಜಾರಿಹೋಯಿತು, ಅದರ ಭಾರ ಮೇಷ್ಟ್ರ ಬೆರಳುಗಳ ಮೇಲೆ ಬಿತ್ತು. ಮಗಳ ಕನ್ನಡ ತಂದೆಗೆ ತಲುಪುವುದನ್ನೇ ಇಡೀ ಕೆಲಸ ಅಂತ ನಾನು ಎಣಿಸಿದ್ದೆ. ತಂದೆಗೂ ಹೇಳುವುದಿರುತ್ತದೆ ಎನ್ನುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಈ ಇಪ್ಪತ್ತು ವರ್ಷ ಎಷ್ಟೋ ಕಡೆ ‘ಒಬ್ಬ ಹಿರಿಯ ಮೇಷ್ಟ್ರಿಗೆ ಕನ್ನಡ ಪತ್ರ ಓದುವ ಹಾಗೆ ಮಾಡಿಕೊಟ್ಟೆ’ ಅಂತ ಹೇಳಿಕೊಂಡು ಬಂದಿದ್ದೇನೆ. ಇನ್ನು ಹಾಗೆ ಹೇಳಲಾರೆ.

ಹಳೆಯ ಕೋಡ್ ಒಂದು ಸಿಡಿಯಲ್ಲಿ ಉಳಿದಿತ್ತು. ನಾಲ್ಕು ರಾತ್ರಿ ಕೂತು ಬರೆಯುವ, ಕಳಿಸುವ ಭಾಗವನ್ನು ಸೇರಿಸಿದೆ. ಇವತ್ತು ಅದು ಯಾರಿಗೂ ಬೇಕಿಲ್ಲ, ಎಲ್ಲರ ಫೋನೂ ಅದನ್ನು ಮಾಡುತ್ತದೆ. ಕತ್ತರಿಸುವ ಜಾಗವನ್ನು ಮಾತ್ರ ನನ್ನ ಹಾಗೆ ಮಾಡಿದೆ. ಹದಿನೈದರ ಒಳಗೇ, ಆದರೆ ಒತ್ತಕ್ಷರದ ನಡುವೆ ಎಂದೂ ಕತ್ತರಿ ಬೀಳದ ಹಾಗೆ. ‘ಹಬ್ಬ’ ಒಡೆಯುವ ಕಡೆ ಈಗ ‘ಹ’ದ ಆಚೆ ತುಂಡು ನಿಲ್ಲುತ್ತದೆ, ‘ಬ್ಬ’ ಪೂರ್ತಿಯಾಗಿ ಮುಂದಿನ ತುಂಡಿಗೆ ಹೋಗುತ್ತದೆ.

ಮೊದಲ ಪತ್ರವನ್ನು ಮೇಷ್ಟ್ರ ಮನೆಗೆ ಕೊಂಡುಹೋದ ನನ್ನ ಲ್ಯಾಪ್‌ಟಾಪಿನಿಂದ ಅವರೇ ಮಗಳಿಗೆ ಕಳಿಸಿದರು. ಸಬ್ಜೆಕ್ಟನ್ನು ನಾನು ಹೇಳಿಕೊಡಲಿಲ್ಲ. ‘ಈ ಸಲ ಹಬ್ಬಕ್ಕೆ ಎಲ್ಲರೂ ಬನ್ನಿ’ ಎಂದು ಒತ್ತಿದರು, ಪದಪದಕ್ಕೂ ಖಾಲಿ ಜಾಗ ಬಿಟ್ಟು. ಅದು ಹಾಗೆಯೇ ತಲುಪಿದೆ.